ಹಿಮಕ್ಕೆ ಯಾವ ಬ್ಯಾಗು ಕೊಳ್ಳಲಿ ಅಂತ ಕೇಳಿದ ತಂಗಿಗೆ

ನಿನ್ನ ಪತ್ರ ಓದಿದೆ. "ಅಕ್ಕಾ" ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲುಗೆಯಿಂದ "ನೀನು" ಅಂತಲೇ ಬರೆಯುತ್ತೇನೆ. ತೀರ್ಥಹಳ್ಳಿ ಕಡೆಯಿಂದ ಆಗಸ್ಟ್‌ನಲ್ಲಿ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದಿದ್ದೀರಿ. ನಿನಗೆ ಹಿಮದಲ್ಲಿ ನಡೆಯುವ ಆಸೆ, ನಿನ್ನ ಯಜಮಾನರಿಗೆ ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಕಲಿಯುವ ಆಸೆ. ಆಫೀಸಿನ ಲ್ಯಾಪ್‌ಟಾಪ್ ಬ್ಯಾಗೇ ಸಾಕಾ, ಬೇರೆ ಕೊಳ್ಳಬೇಕಾ, ಕೊಂಡರೆ ನಡಿಗೆಗೊಂದು ಸ್ಕೀಗೊಂದು ಅಂತ ಎರಡೆರಡು ಬೇಕಾ ಅಂತ ಕೇಳಿದ್ದೀಯ.

ಒಬ್ಬರಿಗೆ ಒಂದೇ ಸಾಕು. 28ರಿಂದ 32 ಲೀಟರಿನದು ನೋಡು. ಆದರೆ ಲ್ಯಾಪ್‌ಟಾಪ್ ಬ್ಯಾಗು ಮಾತ್ರ ಬೇಡ. ಯಾಕೆ ಅಂತ ನನ್ನ ಮೊದಲ ಚಳಿಗಾಲದ ಕತೆ ಹೇಳಿದರೆ ಗೊತ್ತಾಗುತ್ತದೆ.

ನಾವು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮೊದಲ ಜನವರಿಯಲ್ಲಿ ಗೋಲ್ಡ್ ಕ್ರೀಕ್ ಕೆರೆಗೆ ಹೋಗಿದ್ದೆವು. ಐ-90 ಹೆದ್ದಾರಿಯಲ್ಲಿ ಸ್ನೋಕ್ವಾಲ್ಮಿ ಘಾಟಿ ದಾಟಿದ ಕೂಡಲೇ ಸಿಗುತ್ತದೆ, 54ನೇ ಎಕ್ಸಿಟ್. ಕೆರೆಯ ಸುತ್ತ ದಾರಿ ಸಪಾಟಾಗಿದೆ, ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿಗೆ ಕಟ್ಟುವ ಅಗಲ ಚೌಕಟ್ಟು, ಅಂದರೆ ಸ್ನೋಶೂ, ಕಟ್ಟಿಕೊಂಡು ಮಕ್ಕಳೂ ನಡೆಯುತ್ತಾರೆ. ನನ್ನ ಬೆನ್ನ ಮೇಲೆ ಆಫೀಸಿನ ಬ್ಯಾಗು. ಹತ್ತು ನಿಮಿಷ ನಡೆಯುವಷ್ಟರಲ್ಲಿ ಮೈ ಬೆವರಿತು. ದಪ್ಪ ಜಾಕೆಟ್ ಬಿಚ್ಚಿ ಒಳಗಿಡೋಣ ಅಂದರೆ ಬ್ಯಾಗಿನಲ್ಲಿ ಜಾಗವೇ ಇಲ್ಲ. ಹಾಕಿಕೊಂಡೇ ನಡೆದೆ. ಕೆರೆ ಹತ್ತಿರ ಕೂತು ತಿಂಡಿ ತಿನ್ನುವ ಹೊತ್ತಿಗೆ ಒಳಗಿನ ಬಟ್ಟೆಯೆಲ್ಲ ತೊಯ್ದಿತ್ತು, ಐದೇ ನಿಮಿಷದಲ್ಲಿ ನಡುಕ ಹತ್ತಿತು. ಚಪಾತಿ ಡಬ್ಬಿ ತೆಗೆಯೋಣ ಅಂದರೆ ಜಿಪ್ಪಿನ ತುದಿಯಲ್ಲಿ ಇದ್ದದ್ದು ಕಿರುಬೆರಳ ಉಗುರಿನಷ್ಟು ಲೋಹದ ಚೂರು. ಗ್ಲೌಸ್ ಹಾಕಿದ ಕೈಗೆ ಅದು ಸಿಗಲೇ ಇಲ್ಲ. ಗ್ಲೌಸ್ ಕಳಚಿದೆ. ಬೆರಳು ಮರಗಟ್ಟಿದ್ದವು, ಜಿಪ್ಪಿನ ಹಲ್ಲುಗಳ ನಡುವೆ ಹಿಮ ಕೂತು ಗಟ್ಟಿಯಾಗಿತ್ತು. ಉಸಿರು ಊದಿ ಊದಿ ಕರಗಿಸಿ ಎಳೆದೆ. ಅಷ್ಟರಲ್ಲಿ ಪಕ್ಕಕ್ಕಿಟ್ಟ ಗ್ಲೌಸ್ ಒಳಗೆ ಮರದಿಂದ ಹಿಮ ಉದುರಿತ್ತು. ಕಾರಿಗೆ ವಾಪಸ್ ಬರುವವರೆಗೂ ಬಲಗೈ ಬೆಚ್ಚಗಾಗಲಿಲ್ಲ.

ಹಿಮದಲ್ಲಿ ಬಟ್ಟೆ ಬಿಚ್ಚುವುದು, ಹಾಕುವುದು ದಿನವಿಡೀ ನಡೆಯುತ್ತಲೇ ಇರುತ್ತದೆ. ಹತ್ತುವಾಗ ಬಿಚ್ಚಬೇಕು, ಬೆವರುವ ಮೊದಲೇ ಬಿಚ್ಚಬೇಕು. ನಿಂತ ಕೂಡಲೇ ಹಾಕಬೇಕು. ಹಾಗಾಗಿ ಆ ಜಾಕೆಟ್‌ಗೆ ಬ್ಯಾಗಿನಲ್ಲಿ ಯಾವಾಗಲೂ ಜಾಗ ಇರಬೇಕು, ಗ್ಲೌಸ್ ತೆಗೆಯದೆ ಬ್ಯಾಗು ತೆರೆಯಲು ಬರಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

30 ಲೀಟರ್ ಅಂತ ಹೇಳಿದ್ದೂ ಅದಕ್ಕೇ. ಚಳಿಗಾಲದ ಸಾಮಾನು ತೂಕ ಕಮ್ಮಿ, ಗಾತ್ರ ಜಾಸ್ತಿ. ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಒಂದು ಡೌನ್ ಜಾಕೆಟ್, ಒಂದು ಜೊತೆ ಒಣ ಗ್ಲೌಸ್, ಟೋಪಿ, ಫ್ಲಾಸ್ಕು, ಊಟದ ಡಬ್ಬಿ, ಇಷ್ಟಕ್ಕೇ 20 ಲೀಟರ್ ಬ್ಯಾಗು ಉಬ್ಬಿ ಹೋಗುತ್ತದೆ. 40 ಲೀಟರಿನದು ಕೊಂಡರೆ ಅದು ಸ್ಕೀ ಮಾಡುವಾಗ ಬೆನ್ನ ಮೇಲೆ ಅತ್ತಿತ್ತ ಓಲಾಡುತ್ತದೆ. 30ರದ್ದು ಬೇಸಿಗೆಯ ಚಾರಣಕ್ಕೂ ಆಗುತ್ತದೆ. ಊರಿಗೆ ಹೋಗುವಾಗ ವಿಮಾನದಲ್ಲಿ ನಾನು ಕೈಯಲ್ಲಿ ಒಯ್ಯುವುದೂ ಅದನ್ನೇ.

ಇನ್ನು ಒದ್ದೆಯ ಮಾತು. ಮಲೆನಾಡಿನ ಹುಡುಗಿಗೆ ಇದನ್ನು ವಿವರಿಸಬೇಕಿಲ್ಲ ಅನಿಸುತ್ತದೆ. ಇಲ್ಲಿನ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಬೀಳುವ ಹಿಮ ಕಡಲ ಗಾಳಿಯ ನೀರು ಕುಡಿದ ಹಿಮ. ಸ್ಕೀ ಮಾಡುವವರು "ಕ್ಯಾಸ್ಕೇಡ್ ಕಾಂಕ್ರೀಟ್" ಅಂತಲೇ ಕರೆಯುತ್ತಾರೆ. ಸ್ನೋಕ್ವಾಲ್ಮಿ ಘಾಟಿಯ ಎತ್ತರ ಸುಮಾರು 3,000 ಅಡಿ ಮಾತ್ರ, ಅಲ್ಲಿ ಬೆಳಗ್ಗೆ ಹಿಮ ಬಿದ್ದು ಮಧ್ಯಾಹ್ನ ಅದೇ ಮಳೆಯಾಗುವುದುಂಟು. ಇಲ್ಲಿನ ದೊಡ್ಡ ಬೆಟ್ಟ ಮೌಂಟ್ ರೇನಿಯರ್‌ನ ಪ್ಯಾರಡೈಸ್ ಅನ್ನುವ ಜಾಗದಲ್ಲಿ 1971-72ರ ಒಂದೇ ಋತುವಿನಲ್ಲಿ 1,122 ಇಂಚು ಹಿಮ ಬಿದ್ದಿತ್ತು. ಆಗುಂಬೆ ಮಳೆ ಹಿಮವಾಗಿ ಸುರಿದರೆ ಹೇಗಿರುತ್ತದೋ ಹಾಗೆ ಅಂದುಕೋ. (ಅಲ್ಲಿಗೆ ಹೋಗುವುದಾದರೆ ನವೆಂಬರ್ 1ರಿಂದ ಮೇ 1ರವರೆಗೆ ಕಾರಿನಲ್ಲಿ ಟೈರ್ ಚೈನ್ ಇರಲೇಬೇಕು, ಮರೆಯಬೇಡ.) ಬ್ಯಾಗಿನ ಮೇಲೆ ಹೊದಿಸುವ ಮಳೆ ಕವರನ್ನು ನಂಬಿಕೊಳ್ಳಬೇಡ. ಗಾಳಿಗೆ ಹಾರುತ್ತದೆ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮಮ್ಮ ಶಾಲೆ ಪುಸ್ತಕವನ್ನೆಲ್ಲ ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಚೀಲಕ್ಕೆ ಹಾಕುತ್ತಿದ್ದರು. ಇಲ್ಲೂ ಅದೇ ಉಪಾಯ. ಕಸಕ್ಕೆ ಬಳಸುವ ದಪ್ಪ ಪ್ಲಾಸ್ಟಿಕ್ ಚೀಲ ಹೊಸದೊಂದನ್ನು ಬ್ಯಾಗಿನ ಒಳಗೆ ಹರಡಿ, ಬಟ್ಟೆಯೆಲ್ಲ ಅದರೊಳಗಿಟ್ಟು ಬಾಯಿ ಸುತ್ತಿಬಿಡು.

ಬೆನ್ನಿಗೆ ತಾಗುವ ಭಾಗವನ್ನು ಚೆನ್ನಾಗಿ ನೋಡು. ಬೇಸಿಗೆಗೆ ಅಂತ ಮಾಡಿದ ಬ್ಯಾಗುಗಳಲ್ಲಿ ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿಯಾಡಲು ಬಲೆ ಬಿಗಿದಿರುತ್ತಾರೆ. ಬ್ಯಾಗನ್ನು ಹಿಮದ ಮೇಲಿಟ್ಟು ಎತ್ತಿದರೆ ಆ ಸಂದಿನಲ್ಲಿ ಹಿಮ ಸಿಕ್ಕಿಕೊಳ್ಳುತ್ತದೆ. ಮೈ ಶಾಖಕ್ಕೆ ಕರಗಿ ಬೆನ್ನಿಗಿಳಿಯುತ್ತದೆ. ನಯವಾದ ಫೋಮ್ ಬೆನ್ನಿನದು ತಗೋ, ಕೈಯಲ್ಲಿ ಒಮ್ಮೆ ಹೊಡೆದರೆ ಹಿಮ ಉದುರುತ್ತದೆ. ಬೆನ್ನಿನ ಕಡೆಯಿಂದಲೇ ಪೂರ್ತಿ ತೆರೆದುಕೊಳ್ಳುವ ಬ್ಯಾಗುಗಳೂ ಇವೆ. ಅವನ್ನು ಹಿಮದ ಮೇಲೆ ಮಗುಚಿಟ್ಟು ತೆರೆದರೆ ಬೆನ್ನಿನ ಭಾಗ ಒಣಗಿಯೇ ಇರುತ್ತದೆ, ತಳದಲ್ಲಿರುವ ಸ್ವೆಟರೂ ಥಟ್ಟನೆ ಕೈಗೆ ಸಿಗುತ್ತದೆ. ನನ್ನದು ಅಂಥದ್ದು. ಸ್ವಲ್ಪ ಬೆಲೆ ಜಾಸ್ತಿ, ಆದರೂ ಮತ್ತೆ ಕೊಂಡರೆ ಅದನ್ನೇ ಕೊಳ್ಳುತ್ತೇನೆ.

ಅಳತೆ ಇದಕ್ಕಿಂತ ಮುಖ್ಯ. ನಿನ್ನ ಎತ್ತರ ಎಷ್ಟು ಅನ್ನುವುದು ಲೆಕ್ಕಕ್ಕಿಲ್ಲ, ಬೆನ್ನಿನ ಉದ್ದ ಬೇಕು. ಕತ್ತು ಬಗ್ಗಿಸಿದಾಗ ಹಿಂದೆ ಒಂದು ಮೂಳೆ ಉಬ್ಬಿ ಸಿಗುತ್ತದಲ್ವಾ, ಅಲ್ಲಿಂದ ಶುರು. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳು ಹಿಂದಕ್ಕೆ ಚಾಚು. ಆ ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಯಜಮಾನರ ಹತ್ತಿರ ಟೇಪು ಹಿಡಿಸು. ನನ್ನದು 16 ಇಂಚು. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ಕನ್ನಡಿ ನೋಡಿ ಬಂದುಬಿಡಬೇಡ. ಐದಾರು ಕೆ.ಜಿ. ತೂಕ ಹಾಕಿಸಿ, ನಿನ್ನ ದಪ್ಪ ಜಾಕೆಟ್ ಮೇಲೆಯೇ ತೊಟ್ಟು, ಹತ್ತು ನಿಮಿಷ ಓಡಾಡು. ಭಾರ ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಹೆಗಲು ಜಗ್ಗಿದರೆ ಆ ಬ್ಯಾಗು ನಿನ್ನದಲ್ಲ, ಎಷ್ಟೇ ಚಂದ ಇದ್ದರೂ ಬಿಟ್ಟು ಬಾ. ಗ್ಲೌಸನ್ನೂ ಒಯ್ದು, ಅದನ್ನು ಹಾಕಿಕೊಂಡೇ ಪ್ರತಿ ಜಿಪ್ಪು, ಪ್ರತಿ ಬಕಲ್ ತೆಗೆದು ನೋಡು. ಜಿಪ್ಪಿಗೆ ದಾರದ ಕುಣಿಕೆ ಇಲ್ಲದಿದ್ದರೆ ಚಿಂತೆಯಿಲ್ಲ, ಮನೆಯಲ್ಲಿ ನೀನೇ ಕಟ್ಟಿಕೊಳ್ಳಬಹುದು.

ಇಬ್ಬರಿಗೂ ಒಂದೇ ಥರದ ಬ್ಯಾಗು ಆಗುವುದು ಹೊರಗಿನ ಪಟ್ಟಿಗಳಿಂದ. ಎರಡೂ ಪಕ್ಕದಲ್ಲಿ ಮೇಲೊಂದು ಕೆಳಗೊಂದು ಗಟ್ಟಿ ಪಟ್ಟಿ ಇದ್ದರೆ ನಿನ್ನ ಸ್ನೋಶೂನೂ ಕಟ್ಟಬಹುದು, ಅವರ ಸ್ಕೀಯನ್ನೂ ಸಿಕ್ಕಿಸಬಹುದು. ಸ್ಕೀಯ ಅಂಚು ಹರಿತ, ಹಾಗಾಗಿ ಆ ಜಾಗದಲ್ಲಿ ಬಟ್ಟೆ ದಪ್ಪಗಿರಬೇಕು.

ಯಜಮಾನರಿಗೆ ಒಂದು ಮಾತು ತಪ್ಪದೆ ಹೇಳು. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ, ತಂತಿಗೆ ತೂಗುಬಿಟ್ಟ ಕುರ್ಚಿ, ಅಂದರೆ ಚೇರ್‌ಲಿಫ್ಟ್ ಏರುವ ಮೊದಲು ಬ್ಯಾಗನ್ನು ಬೆನ್ನಿಂದ ಇಳಿಸಿ ತೊಡೆ ಮೇಲೆ ಇಟ್ಟುಕೊಳ್ಳಬೇಕು. ಬೆನ್ನ ಮೇಲೇ ಇದ್ದರೆ ಅದರ ಪಟ್ಟಿ ಕುರ್ಚಿಗೆ ಸಿಕ್ಕಿಕೊಳ್ಳುತ್ತದೆ. ಇಳಿಯುವ ಜಾಗದಲ್ಲಿ ಕುರ್ಚಿ ಮುಂದೆ ಹೋಗುತ್ತದೆ, ಮನುಷ್ಯ ನೇತಾಡುತ್ತಾನೆ. ಇದು ತಮಾಷೆಯಲ್ಲ. ನಿಜ ಹೇಳಬೇಕೆಂದರೆ ಕಲಿಯುವ ಮೊದಲ ವಾರಗಳಲ್ಲಿ ಬ್ಯಾಗನ್ನು ಕೆಳಗೆ ಲಾಡ್ಜ್‌ನಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ನೀರಿಗೆ ಪೈಪಿನಿಂದ ಹೀರುವ ಚೀಲ ಬೇಡ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಮುಗಿಯಿತು, ಎರಡು ಲೀಟರ್ ಬೆನ್ನ ಮೇಲಿದ್ದರೂ ಒಂದು ಗುಟುಕು ಸಿಗುವುದಿಲ್ಲ. ಅಗಲ ಬಾಯಿಯ ಬಾಟಲಿ ತಗೋ. ಬಿಸಿ ನೀರು ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ, ಹಳೆಯ ಉಣ್ಣೆ ಕಾಲುಚೀಲದೊಳಗೆ ತೂರಿಸಿ ತಲೆಕೆಳಗಾಗಿ ಇಡು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದೆ, ಆದ್ದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಫೋನು ಬ್ಯಾಗಿನಲ್ಲಿ ಬೇಡ, ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಬಿದ್ದು ಹೋಗುತ್ತದೆ. ತಲೆಗೆ ಕಟ್ಟುವ ಟಾರ್ಚ್ ಮಾತ್ರ ಮೇಲಿನ ಜೇಬಿನಲ್ಲಿ ಯಾವತ್ತೂ ಇರಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 4 ಗಂಟೆ 20 ನಿಮಿಷಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಬೆಟ್ಟಕ್ಕೆ ಹೋಗುವವರು ಒಯ್ಯಲೇಬೇಕಾದ ಹತ್ತು ವಸ್ತುಗಳ ಪಟ್ಟಿಯನ್ನು ಸಿಯಾಟಲ್‌ನ ಮೌಂಟೇನಿಯರ್ಸ್ ಕ್ಲಬ್ಬಿನವರು 1930ರ ದಶಕದಲ್ಲೇ ಮಾಡಿಟ್ಟಿದ್ದಾರೆ. ಅದನ್ನು ಅಡುಗೆಮನೆ ಫ್ರಿಜ್ಜಿನ ಮೇಲೆ ಅಂಟಿಸಿಕೋ. ತಿಂಡಿಗೆ ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ ಒಳ್ಳೆಯದು, ಗ್ಲೌಸ್ ಕೈಯಲ್ಲೂ ತಿನ್ನಬಹುದು. ಶೇಂಗಾ ಚಿಕ್ಕಿ ಆ ಚಳಿಗೆ ಕಲ್ಲಾಗುತ್ತದೆ.

ಹಿಮಕುಸಿತದ ವಿಷಯ ಮಾತ್ರ ಬ್ಯಾಗಿಂದ ಬಗೆಹರಿಯುವಂಥದ್ದಲ್ಲ. ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಕೋಲು ಇವುಗಳಿಗೆ ಮುಂದುಗಡೆ ಬೇರೆ ಜೇಬಿರುವ ಬ್ಯಾಗುಗಳನ್ನು ಅಂಗಡಿಯವರು ತೋರಿಸುತ್ತಾರೆ. ಜೇಬು ಇದ್ದರೆ ಇರಲಿ. ಆದರೆ ತರಬೇತಿ ಇಲ್ಲದೆ ಆ ಇಳಿಜಾರುಗಳ ಕಡೆ ಹೋಗಬೇಡಿ. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್ನನ್ನಂತೂ ಬ್ಯಾಗಿನಲ್ಲಿ ಇಡುವುದೇ ಇಲ್ಲ, ಮೈಗೆ ಕಟ್ಟಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ ಹೋಗುವ ಸ್ನೋ ಲೇಕ್ ದಾರಿಯಲ್ಲಿ ಚಳಿಗಾಲದಲ್ಲಿ ಹಿಮ ಕುಸಿಯುವ ಜಾಗಗಳಿವೆ. ಗೋಲ್ಡ್ ಕ್ರೀಕ್‌ನಲ್ಲೂ ಕೆರೆ ದಾಟಿ ಕಣಿವೆಯೊಳಗೆ ಹೋದರೆ ಅದೇ ಭಯ. ಹೊರಡುವ ದಿನ ಬೆಳಗ್ಗೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದಿಯೇ ಹೊರಡಿ. ನಾನು ಇವತ್ತಿಗೂ ಓದದೆ ಮನೆ ಬಿಡುವುದಿಲ್ಲ.

ಕೊಳ್ಳಲು ಆರ್‌ಇಐ ಅಂಗಡಿಗೆ ಹೋಗು. 1938ರಲ್ಲಿ ಸಿಯಾಟಲ್‌ನ ಬೆಟ್ಟ ಹತ್ತುವವರೇ ಸೇರಿ ಕಟ್ಟಿದ ಸಹಕಾರಿ ಸಂಘ ಅದು, ನಮ್ಮ ಕಡೆಯ ಅಡಿಕೆ ಸೊಸೈಟಿ ಇದ್ದ ಹಾಗೆ. ಅಳತೆ ನೋಡಿ ಹೇಳುತ್ತಾರೆ, ಬಳಸಿದ ಸಾಮಾನನ್ನೂ ಮಾರುತ್ತಾರೆ.

ಆದರೆ ಕೊಳ್ಳುವ ಮೊದಲು ನನ್ನ ಬ್ಯಾಗನ್ನೇ ಒಂದು ಸಲ ಒಯ್ದು ನೋಡು. ಗ್ಯಾರೇಜಿನಲ್ಲಿ ಸುಮ್ನೆ ನೇತಾಡುತ್ತಿದೆ. ಬೆನ್ನಿನ ಅಳತೆ ತೆಗೆದು ಬರೆ, 15ರಿಂದ 17 ಇಂಚಿನೊಳಗಿದ್ದರೆ ನಿನಗಾಗುತ್ತದೆ. ಸೊಂಟದ ಪಟ್ಟಿಯ ಬಕಲ್ ಎಡಗಡೆ ಸ್ವಲ್ಪ ಬಿಗಿ, ಒತ್ತಿ ಹಿಡಿದು ಎಳೆಯಬೇಕು.