ನೈಸಿಯಾ ಸಭೆಯಲ್ಲಿ ಸುವಾರ್ತೆಗಳನ್ನು ಕೈಬಿಟ್ಟರೇ?

ಕ್ರಿ.ಶ. 325ರಲ್ಲಿ ಕ್ರೈಸ್ತ ಬಿಷಪರು ಸೇರಿದ್ದ ನೈಸಿಯಾ ಸಭೆಯಲ್ಲಿ ರೋಮನ್ ಕಾನ್‌ಸ್ಟಂಟೈನ್ ಚಕ್ರವರ್ತಿಯೇ ಯೇಸುವಿನ ಮಾತುಗಳ ಸಂಗ್ರಹವಾದ ತೋಮನ ಸುವಾರ್ತೆಯನ್ನು ಬೈಬಲಿನಿಂದ ತೆಗೆಸಿದನೇ ಎಂದು ಕೇಳಿದ್ದೀರಿ. ನೀವು ನೋಡಿದ ವಿಡಿಯೊದಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿರಬೇಕು. ಒಂದು, ಧರ್ಮಗ್ರಂಥದ 50 ಪ್ರತಿ ಬರೆಸಿಕೊಡಿ ಎಂದು ಅವನು ಬಿಷಪ್ ಯೂಸೆಬಿಯಸ್‌ಗೆ ಬರೆದ ಪತ್ರ. ಅದು ಸಭೆ ಮುಗಿದ ಕೆಲವು ವರ್ಷದ ಮೇಲಿನದು, ಯಾವ ಪುಸ್ತಕಗಳು ಎಂಬ ಪಟ್ಟಿಯೂ ಅದರಲ್ಲಿಲ್ಲ. ಇನ್ನೊಂದು, ಪುಸ್ತಕಗಳನ್ನು ಪೀಠದ ಬಳಿ ಇಟ್ಟು ಪ್ರಾರ್ಥಿಸಿದಾಗ ನಿಜವಾದವು ಮೇಲೆ ಬಂದು ಸುಳ್ಳಿನವು ಕೆಳಗೇ ಉಳಿದವು ಎಂಬ ಕಥೆ. ಅದು ಸಿಗುವುದು ಐದು ಶತಮಾನ ಕಳೆದ ಮೇಲಿನ ಬರಹದಲ್ಲಿ.

ಮೊದಲು ಸಭೆಯ 20 ನಿಯಮಗಳನ್ನು ಓದಿ, ಚಿಕ್ಕವೇ ಇವೆ. ಬಿಷಪರ ನೇಮಕ, ಬಡ್ಡಿ ವಸೂಲಿ ಮಾಡುವ ಪಾದ್ರಿಗಳಿಗೆ ಶಿಕ್ಷೆ, ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು ಎಂಬುದು, ಎಲ್ಲ ಇವೆ. ಪುಸ್ತಕಗಳ ಮಾತೇ ಇಲ್ಲ.

ಆಮೇಲೆ ಸಭೆಯ ಹಿಂದಿನ ಮತ್ತು ಮುಂದಿನ ಕಾಲವನ್ನು ನೋಡಿ. ಸುವಾರ್ತೆ ನಾಲ್ಕೇ ಎಂದು ಬಿಷಪ್ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನ 367ರ ಪತ್ರದಲ್ಲಿ. ಉಳಿದ ಗುಪ್ತ ಗ್ರಂಥಗಳನ್ನು ದೂರವಿಡಿ ಎಂದು ಅವನು ಖಡಾಖಂಡಿತವಾಗಿಯೇ ಹೇಳುತ್ತಾನೆ. ಹಾಗಾಗಿ ಹತ್ತಿಕ್ಕಿದರು ಎಂಬುದು ಪೂರ್ತಿ ಸುಳ್ಳಲ್ಲ, ಜಾಗ ಮತ್ತು ಇಸವಿ ತಪ್ಪು.

ಕೊನೆಗೆ ತೋಮನ ಸುವಾರ್ತೆಯನ್ನೇ ಓದಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಕಾಪ್ಟಿಕ್ ಭಾಷೆಯ ಪ್ರತಿಯಲ್ಲಿ 114 ವಚನಗಳಿವೆ, ಶಿಲುಬೆಯ ಕಥೆಯೇ ಇಲ್ಲ. ಅದು ಮೊದಲ ಶತಮಾನದ್ದೋ ಎರಡನೆಯದ್ದೋ ಎಂಬುದು ವಿದ್ವಾಂಸರಲ್ಲೇ ಇನ್ನೂ ಬಗೆಹರಿದಿಲ್ಲ. ವಿಡಿಯೊ ಅದನ್ನು ಖಚಿತವೆಂದು ಹೇಳಿದ್ದರೆ ಆ ಭಾಗವನ್ನು ನಂಬಬೇಡಿ.