ಆರಿದ್ರಾ ಎಷ್ಟು ದೂರ? ಒಂದೊಂದು ಕಡೆ ಒಂದೊಂದು ಲೆಕ್ಕ ಯಾಕೆ?

ಪ್ರಶ್ನೆ: ಆರಿದ್ರಾ ನಕ್ಷತ್ರ 427 ಜ್ಯೋತಿರ್ವರ್ಷ ದೂರ ಅಂತ ಮಗನ ಪುಸ್ತಕದಲ್ಲಿದೆ. ಯೂಟ್ಯೂಬಿನಲ್ಲಿ 640 ಅಂತಾರೆ. ಇನ್ನೊಂದು ಕಡೆ 548. ಅಲ್ಲಿಗೆ ಯಾರೂ ಹೋಗಿ ಬಂದಿಲ್ಲ. ಹಾಗಾದ್ರೆ ಇದೆಲ್ಲ ಬರೀ ಅಂದಾಜು ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಪಕ್ಕಕ್ಕೆ ಸರಿದ ಹಾಗೆ ಕಾಣುವ ಆಟ ಎಲ್ಲರಿಗೂ ಗೊತ್ತು. ಅದೇ ಆಟವನ್ನು ತಾರಸಿ ಮೇಲೆ ಆಡಿ. ನಮ್ಮ ತಾರಸಿಯಿಂದ ಒಂದು ತೆಂಗಿನಮರ ಕಾಣುತ್ತದೆ. ಅದರ ಹಿಂದೆ, ಬಹಳ ದೂರದಲ್ಲಿ ಬೆಟ್ಟ. ಈ ಮೂಲೆಯಿಂದ ಆ ಮೂಲೆಗೆ 10 ಮೀಟರ್ ನಡೆದೆ. ಮರ ಬೆಟ್ಟದ ಎದುರು ಮೂರು ಬೆರಳಷ್ಟು ಪಕ್ಕಕ್ಕೆ ಸರಿಯಿತು. ಚಾಚಿದ ಕೈ 60 ಸೆಂಟಿಮೀಟರ್, ಮೂರು ಬೆರಳಿನ ಅಗಲ 5. ಅಂದರೆ 12 ಪಟ್ಟು. ಮರದ ದೂರವೂ ನಾನು ನಡೆದ 10 ಮೀಟರಿನ 12 ಪಟ್ಟು. ಹಾಗಾಗಿ ಮರ 120 ಮೀಟರ್ ದೂರ. ಆಮೇಲೆ ಟೇಪ್ ಹಿಡಿದು ನೋಡಿದರೆ 127 ಬಂತು. ಬೆರಳು ಒಂಚೂರು ಆಚೀಚೆ ಆಗಿದ್ದರೆ 100 ಅಥವಾ 150 ಅನ್ನುತ್ತಿದ್ದೆ. ಅಷ್ಟಕ್ಕೇ ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ ಅಂತೀರಾ?

ನಕ್ಷತ್ರ ಅಳೆಯುವವರಿಗೆ ಭೂಮಿ ಸುತ್ತುವ ದಾರಿಯೇ ತಾರಸಿ. ಆರಿದ್ರಾಗಾದರೆ ಮಾರ್ಚಿನಲ್ಲಿ ಒಂದು ಮೂಲೆ, ಸೆಪ್ಟೆಂಬರಿನಲ್ಲಿ ಇನ್ನೊಂದು. ನಡುವೆ ಸುಮಾರು 30 ಕೋಟಿ ಕಿಲೋಮೀಟರ್. ಇಷ್ಟು ನಡೆದರೂ ನಕ್ಷತ್ರ ಕದಲುವುದು ಎಷ್ಟು? 1838ರಲ್ಲಿ ಕೋನಿಗ್ಸ್‌ಬರ್ಗ್‌ನ ಜರ್ಮನ್ ಖಗೋಳಜ್ಞ ಬೆಸೆಲ್ 61 ಸಿಗ್ನಿ ಅನ್ನುವ ನಕ್ಷತ್ರವನ್ನು ಅಳೆದರು. ಲೆಕ್ಕಕ್ಕೆ ಹಿಡಿಯುವುದು ಸರಿದದ್ದರ ಅರ್ಧ. ಅದು ಅವರಿಗೆ 0.314 ಸೆಕೆಂಡ್ ಸಿಕ್ಕಿತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡ್. ಬೆಸೆಲ್‌ಗೆ ಸಿಕ್ಕ 0.314 ಅಂದರೆ, ಹತ್ತು ರೂಪಾಯಿ ನಾಣ್ಯವನ್ನು 18 ಕಿಲೋಮೀಟರ್ ಆಚೆ ಇಟ್ಟು ನೋಡಿದರೆ ಎಷ್ಟು ಅಗಲ ಕಾಣಬೇಕೋ ಅಷ್ಟು! ಅವರ ಲೆಕ್ಕ 10 ಚಿಲ್ಲರೆ ಜ್ಯೋತಿರ್ವರ್ಷ, ಇವತ್ತಿನದು 11.4. ಉಪಗ್ರಹವೂ ಅಲ್ಲ, ಕಂಪ್ಯೂಟರೂ ಅಲ್ಲ, ಒಂದು ದುರ್ಬೀನು ಮತ್ತು ತಾಳ್ಮೆ.

ಈಗ ಆರಿದ್ರಾಗೆ ಬನ್ನಿ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿರುವ ಕೆಂಪು ನಕ್ಷತ್ರ, ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್. ಇದರ ಕೋನ 0.006 ಸೆಕೆಂಡಿನ ಆಸುಪಾಸು, ಬೆಸೆಲ್ ಅಳೆದದ್ದರ ಐವತ್ತರಲ್ಲಿ ಒಂದು ಪಾಲು. ಸಾಲದ್ದಕ್ಕೆ ನಕ್ಷತ್ರ ಎಷ್ಟು ದೈತ್ಯ ಅಂದರೆ ಅದರ ಬಿಲ್ಲೆಯ ಅಗಲವೇ ಈ ಕೋನದ ಆರೇಳು ಪಟ್ಟು. ಮೈಯೆಲ್ಲ ಕುದಿಯುವ ಅನಿಲ. ಇವತ್ತು ಒಂದು ಕಡೆ ಬೆಳ್ಳಗೆ, ನಾಳೆ ಇನ್ನೊಂದು ಕಡೆ. ಯಾವ ಬಿಂದುವನ್ನು ಹಿಡಿದು ಅಳೆಯುತ್ತೀರಿ? ಗಾಳಿಗೆ ಆಡುವ ತೆಂಗಿನ ಗರಿ ನೋಡಿ ಮರದ ದೂರ ಅಳೆದ ಹಾಗೆ.

427 ಬಂದದ್ದು ಹಿಪ್ಪಾರ್ಕಸ್ ಉಪಗ್ರಹದ 1997ರ ಪಟ್ಟಿಯಿಂದ. ರೇಡಿಯೋ ದುರ್ಬೀನಿನ ಅಳತೆಯನ್ನೂ ಸೇರಿಸಿದಾಗ 2008ರಲ್ಲಿ 640 ಆಯಿತು, 150ರಷ್ಟು ಆಚೀಚೆ. 2020ರಲ್ಲಿ ನಕ್ಷತ್ರದ ಮಿಡಿತವನ್ನೂ, ಅಂದರೆ ಅದು ಹಿಗ್ಗಿ ಕುಗ್ಗುವುದನ್ನೂ, ಲೆಕ್ಕಕ್ಕೆ ತಂದು 548 ಅಂದರು. ಗಯಾ ಉಪಗ್ರಹ ಸುಮಾರು 146 ಕೋಟಿ ನಕ್ಷತ್ರಗಳನ್ನು ಹೀಗೆ ಅಳೆದಿದೆ, ಆದರೆ ಅದರ ಕಣ್ಣಿಗೆ ಆರಿದ್ರಾ ಜಾಸ್ತಿ ಪ್ರಖರ. ನಿಮ್ಮ ಮಗನ ಪುಸ್ತಕದವರು ಮಾಡಿದ ತಪ್ಪು ಒಂದೇ, ಆ ‘ಆಚೀಚೆ’ಯನ್ನು ಕತ್ತರಿಸಿ ಎಸೆದದ್ದು. ನನ್ನನ್ನು ಕೇಳಿದರೆ 500ರಿಂದ 700 ಅನ್ನುತ್ತೇನೆ. ಬಲವಂತ ಮಾಡಿದರೂ ಒಂದೇ ಅಂಕಿ ಕೊಡುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ನಕ್ಷತ್ರದ ದೂರ ಅಳೆಯುವ ಆ್ಯಪ್ ಇದೆಯಂತೆ?

ಅದು ಅಳೆಯುವುದಿಲ್ಲ, ಪಟ್ಟಿ ನೋಡಿ ಓದುತ್ತದೆ. ಚಂದ್ರನನ್ನು ಬೇಕಾದರೆ ನೀವೇ ಅಳೆಯಿರಿ. ಚಂದ್ರನ ಹತ್ತಿರ ಒಂದು ಗ್ರಹವೋ ದೊಡ್ಡ ನಕ್ಷತ್ರವೋ ಇರುವ ರಾತ್ರಿ ನೀವು ಬೆಂಗಳೂರಿನಲ್ಲಿ, ನಿಮ್ಮ ಭಾವ ದೆಹಲಿಯಲ್ಲಿ ಫೋಟೋ ತೆಗೆಯಿರಿ. ಎರಡನ್ನೂ ಹೋಲಿಸಿದರೆ ಚಂದ್ರ ತನ್ನ ಅಗಲದ ಹೆಚ್ಚುಕಡಿಮೆ ಅರ್ಧ ಸರಿದಿರುತ್ತಾನೆ. ಆದರೆ ಒಂದೇ ನಿಮಿಷಕ್ಕೆ ತೆಗೆಯಬೇಕು. ಊಟ ಮುಗಿಸಿ ತೆಗೀತೀನಿ ಅನ್ನುವ ಭಾವ ಆದರೆ ಬೇಡ, ಗಂಟೆಯೊಂದರಲ್ಲಿ ಚಂದ್ರ ತಾನೇ ತನ್ನ ಅಗಲದಷ್ಟು ಜರುಗುತ್ತಾನೆ.

ಪ್ರಶ್ನೆ: ನಮ್ಮ ಹಿರಿಯರು ಲಂಬನದಿಂದ ನಕ್ಷತ್ರಗಳ ದೂರ ಅಳೆದಿದ್ದರು ಅಂತ ವಾಟ್ಸಾಪಿನಲ್ಲಿ ಬಂದಿದೆ.

ಲಂಬನ ಅಂದರೆ ಮೇಲೆ ಹೇಳಿದ ತಾರಸಿ ಆಟವೇ, ಇಂಗ್ಲಿಷಿನಲ್ಲಿ ಪ್ಯಾರಲಾಕ್ಸ್. ಸೂರ್ಯಸಿದ್ಧಾಂತ ಅನ್ನುವ ನಮ್ಮ ಹಳೆಯ ಖಗೋಳ ಗ್ರಂಥದಲ್ಲಿ ಅದು ಇರುವುದು ಸೂರ್ಯಗ್ರಹಣದ ಲೆಕ್ಕಕ್ಕೆ. ಚಂದ್ರನಿಗೆ ಅವರ ಲೆಕ್ಕ ಸುಮಾರು 53 ನಿಮಿಷ, ಇವತ್ತಿನದು 57. ಇದು ಗಡಿಯಾರದ ನಿಮಿಷವಲ್ಲ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಬರಿಗಣ್ಣಿನ ಕಾಲಕ್ಕೆ ಭೇಷ್ ಅನ್ನಬೇಕು. ನಕ್ಷತ್ರದ ಕದಲಿಕೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಇಲ್ಲದ್ದನ್ನು ಸೇರಿಸಿ ಇರುವುದರ ಮರ್ಯಾದೆಯನ್ನೂ ಕಳೆಯಬೇಡಿ.

ಪ್ರಶ್ನೆ: ಮಗಳ ಹೆಸರಿಗೆ ಒಂದು ನಕ್ಷತ್ರ ಕೊಳ್ಳಬಹುದಾ?

ಆ ದುಡ್ಡಿಗೆ ಅವಳಿಗೊಂದು ಬೈನಾಕ್ಯುಲರ್ ಕೊಡಿಸಿ.

ಪ್ರಶ್ನೆ: ಆರಿದ್ರಾ ಸಿಡಿದು ಹೋದರೆ ಆರಿದ್ರಾ ಮಳೆ ನಿಂತುಹೋಗುತ್ತಾ?

ಮಳೆ ತರುವುದು ಮುಂಗಾರು. ಆ ದಿನಗಳಲ್ಲಿ ಸೂರ್ಯ ಆ ದಿಕ್ಕಿನಲ್ಲಿರುತ್ತಾನೆ, ಅದಕ್ಕೆ ಆ ಹೆಸರು. ಆಗ ಆ ನಕ್ಷತ್ರ ಕಣ್ಣಿಗೇ ಬೀಳುವುದಿಲ್ಲ.