ಬಾಲ್ಕನಿಯ ಇಬ್ಬರ ಬಗ್ಗೆ ಬರೆದು ಕಳಿಸಿದವರಿಗೆ

ಪ್ರಿಯ ಲೇಖಕಿಗೆ,

ನಮಸ್ಕಾರ. ‘ಬಾಸ್ಟನ್ ಲೀಗಲ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ವಕೀಲರಾದ ಆಲನ್ ಶೋರ್ ಮತ್ತು ಡೆನ್ನಿ ಕ್ರೇನ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಮುಗಿಸಲೂ ಮನಸ್ಸು ಬರಲಿಲ್ಲ. ನಾನೂ ಈ ಧಾರಾವಾಹಿಯನ್ನು ಪ್ರೀತಿಯಿಂದ ನೋಡಿದವಳು. ನಿಮ್ಮ ಪುಟಗಳ ನಡುವೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವೇ ಮುಚ್ಚಿಟ್ಟಿದ್ದೀರಿ.

ಏಳು ಪುಟ ಬರೀ ಸಾಕ್ಷಿಗೇ ಹೋಗಿದೆ. ಯಾವ ಕಂತಿನಲ್ಲಿ ಯಾರು ಯಾರ ಹೆಗಲ ಮೇಲೆ ಕೈ ಹಾಕಿದರು, ಆಲನ್ ಬೇರೊಬ್ಬ ಗೆಳೆಯನ ಜೊತೆ ಹೊರಟಾಗ ಡೆನ್ನಿಗೆ ಎಷ್ಟು ಹೊಟ್ಟೆಕಿಚ್ಚಾಯಿತು, ಎಲ್ಲವೂ ಪಟ್ಟಿಯಲ್ಲಿದೆ. ಇಬ್ಬರೂ ನಿಜಕ್ಕೂ ಪ್ರೇಮಿಗಳೇ ಎಂದು ತೀರ್ಪು ಬರೆಸಿಕೊಳ್ಳುವ ಆತುರ ನಿಮಗೆ. ಕಾವ್ಯದಲ್ಲಿ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥದ ಬಗ್ಗೆ ಬರೆದ ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನ ಎತ್ತಿಕೊಳ್ಳುವ ಒಂದು ಪದ್ಯ ನೆನಪಿಗೆ ಬಂತು. ಗೋದಾವರಿಯ ದಡದ ಪೊದೆ ಹೆಣ್ಣೊಬ್ಬಳು ತನ್ನ ನಲ್ಲನನ್ನು ಸೇರುವ ಜಾಗ. ಅಲ್ಲಿ ಅಡ್ಡಾಡುವ ಧಾರ್ಮಿಕನಿಗೆ ಅವಳು ಹೇಳುತ್ತಾಳೆ: ಇನ್ನು ನಿಶ್ಚಿಂತೆಯಿಂದ ಓಡಾಡು, ನೀನು ಹೆದರುತ್ತಿದ್ದ ನಾಯಿಯನ್ನು ಪೊದೆಯ ಸಿಂಹ ಕೊಂದುಹಾಕಿತು. ಬಾಯಲ್ಲಿ ‘ಬಾ’, ಒಳಗೆ ‘ಈ ಕಡೆ ತಲೆ ಹಾಕಬೇಡ’. ಅಲ್ಲಿ ನಿಜಕ್ಕೂ ಸಿಂಹ ಇದೆಯೇ ಎಂದು ಪೊದೆ ಸರಿಸಿ ಹುಡುಕುವವನಿಗೆ ಈ ಪದ್ಯ ದಕ್ಕುವುದಿಲ್ಲ. ನೀವು ಏಳು ಪುಟ ಪೊದೆ ಸರಿಸಿದ್ದೀರಿ.

ಎಂಟನೇ ಪುಟಕ್ಕೆ ಬಂದಾಗ ಎದ್ದು ಕೂತೆ. ಹೆಚ್ಚುಕಮ್ಮಿ ಪ್ರತಿ ಕಂತೂ ಮುಗಿಯುವುದು ಕಚೇರಿಯ ಬಾಲ್ಕನಿಯಲ್ಲಿ, ಇಬ್ಬರ ಕೈಯಲ್ಲೂ ವಿಸ್ಕಿ ಮತ್ತು ಸಿಗಾರ್. ಇದು ಎಲ್ಲರಿಗೂ ಗೊತ್ತು. ನೀವು ಗಮನಿಸಿದ್ದು ಬೇರೆ: ಅವರು ಅಕ್ಕಪಕ್ಕ ಕೂತು ಊರಿನ ದೀಪಗಳನ್ನು ನೋಡುತ್ತಾ ಮಾತಾಡುತ್ತಾರೆ, ಮಾತು ಎದೆಗೆ ತಾಗಿದಾಗ ಮಾತ್ರ ಒಬ್ಬರ ಕಡೆ ಒಬ್ಬರು ತಿರುಗುತ್ತಾರೆ. ಎಷ್ಟು ಚೆನ್ನಾಗಿ ನೋಡಿದ್ದೀರಿ! ಹಗಲೆಲ್ಲ ಬಂದೂಕಿನ ಬಗ್ಗೆ, ಯುದ್ಧದ ಬಗ್ಗೆ ಕಚ್ಚಾಡುವ ಇಬ್ಬರು, ಒಬ್ಬ ಅಪ್ಪಟ ರಿಪಬ್ಲಿಕನ್, ಇನ್ನೊಬ್ಬ ಉದಾರವಾದಿ, ರಾತ್ರಿ ಹೀಗೆ ಕೂರುತ್ತಾರೆ. ಆಲನ್‌ಗೆ ನಿದ್ದೆಯಲ್ಲಿ ಬೆಚ್ಚಿಬೀಳುವ ಕಾಯಿಲೆ, ಅದಕ್ಕೆ ಡೆನ್ನಿ ರಾತ್ರಿ ಅವನ ಜೊತೆ ಉಳಿಯುತ್ತಾನೆ. ಡೆನ್ನಿಗೆ ಮರೆವಿನ ರೋಗ ಶುರುವಾಗಿದೆ. ಆಲ್‌ಝೈಮರ್ ಎನ್ನಲು ಬಾಯಿ ಬಾರದೆ ಅದಕ್ಕೆ ‘ಹುಚ್ಚು ಹಸುವಿನ ರೋಗ’ ಅನ್ನುತ್ತಾನೆ. ಒಬ್ಬನಿಗೆ ರಾತ್ರಿಯ ಭಯ, ಇನ್ನೊಬ್ಬನಿಗೆ ನಾಳೆಯ ಭಯ. ಇದನ್ನೆಲ್ಲ ನೀವು ಮುಕ್ಕಾಲು ಪುಟದಲ್ಲಿ ದಾಟಿಬಿಟ್ಟಿದ್ದೀರಿ. ಲೇಖನ ಇಲ್ಲಿಂದ ಶುರುವಾಗಲಿ.

ಹಾಗಂತ ‘ಎಲ್ಲವೂ ಸೂಚ್ಯ’ ಎಂದು ಬಿಟ್ಟುಬಿಡುವ ಹಾಗೂ ಇಲ್ಲ, ಏಕೆಂದರೆ ಕೊನೆಯಲ್ಲಿ ಅವರು ಮದುವೆಯಾಗುತ್ತಾರೆ. ‘ಇದಕ್ಕಿಂತ ಸಾಕ್ಷಿ ಬೇಕೇ?’ ಎಂದು ನೀವು ಬರೆದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ತಾವು ದೈಹಿಕವಾಗಿ ಪ್ರೇಮಿಗಳಲ್ಲ ಎಂದು ಗೊತ್ತಿದ್ದೇ ಅವರು ಮದುವೆಯಾಗುವುದು. ಬುದ್ಧಿ ಮಸುಕಾಗುತ್ತಿರುವ ಡೆನ್ನಿಗೆ ತನ್ನ ಆಸ್ತಿ ಆಲನ್‌ಗೆ ಹೋಗಬೇಕು, ತನ್ನ ಚಿಕಿತ್ಸೆಯ ತೀರ್ಮಾನ ಆಲನ್ ಕೈಯಲ್ಲಿರಬೇಕು. ಐದು ಸೀಸನ್ ಒಳಗೇ ಇದ್ದದ್ದನ್ನು ಬಾಯಿಬಿಟ್ಟು ಹೇಳಿದರು, ಆದರೆ ನೀವು ಕಾಯುತ್ತಿದ್ದ ಮಾತನ್ನಲ್ಲ. ಅದಕ್ಕಿಂತ ದೊಡ್ಡದೊಂದನ್ನು ಹೇಳಿದರೇ, ಅಥವಾ ಕೈಕೊಟ್ಟರೇ? ನೀವು ನಿಂತು ಯೋಚಿಸಬೇಕಾದ ಜಾಗ ಇದು. ನನಗಂತೂ ಆ ಕೊನೆಯ ದೃಶ್ಯ, ಮದುವೆಯ ರಾತ್ರಿ ಅದೇ ಬಾಲ್ಕನಿಯಲ್ಲಿ ಇಬ್ಬರು ಗಂಡಸರು ನಿಧಾನಕ್ಕೆ ಕುಣಿಯುವುದು, ಇವತ್ತಿಗೂ ಗಂಟಲು ಕಟ್ಟಿಸುತ್ತದೆ.

ಇಲ್ಲಿ ನಿಮ್ಮದೊಂದು ತಪ್ಪನ್ನೂ ತಿದ್ದಬೇಕು. ‘ಆಗ ಅಮೆರಿಕದಲ್ಲಿ ಇಂಥ ಮದುವೆಗೆ ಕಾನೂನಿನ ಒಪ್ಪಿಗೆ ಇರಲಿಲ್ಲ’ ಎಂದಿದ್ದೀರಿ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ 2004ರ ಮೇ 17ರಿಂದಲೇ ಇತ್ತು, ಧಾರಾವಾಹಿ ಶುರುವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಇಡೀ ದೇಶಕ್ಕೆ ಬಂದದ್ದು 2015ರಲ್ಲಿ. ಇನ್ನೂ ಮುಖ್ಯವಾದದ್ದು: ಕೊನೆಯ ಕಂತು ಪ್ರಸಾರವಾದದ್ದು 2008ರ ಡಿಸೆಂಬರ್ 8ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 4ರಂದು, ಕ್ಯಾಲಿಫೋರ್ನಿಯಾದ ಮತದಾರರು ಸಲಿಂಗಿಗಳಿಗೆ ಸಿಕ್ಕಿದ್ದ ಮದುವೆಯ ಹಕ್ಕನ್ನು ಮತ ಹಾಕಿ ಕಿತ್ತುಕೊಂಡಿದ್ದರು. ಆ ಗಾಯ ಹಸಿಯಾಗಿರುವಾಗ, ಪ್ರೇಮಿಗಳಲ್ಲದ ಇಬ್ಬರು ಗಂಡಸರು ಪರದೆಯ ಮೇಲೆ ಮದುವೆಯಾಗುವುದು ಕೆಲವರಿಗೆ ನೋವಾಗಿಯೂ ಕಂಡೀತು. ಅವರ ಕಣ್ಣಿನಿಂದಲೂ ಒಮ್ಮೆ ನೋಡಿ ಬರೆಯಿರಿ.

ಡೆನ್ನಿ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಬಗ್ಗೆ ನೀವು ಬರೆದದ್ದು ಎರಡೇ ಪ್ರಶಸ್ತಿಗಳ ಸುದ್ದಿ. ಅದು ಇರಲಿ, ಬಿಡಲಿ. ಅದಕ್ಕಿಂತ ಹೆಚ್ಚಾಗಿ ನಿಮಗೆ ಬೇಕಾದದ್ದು 1966ರಲ್ಲಿ ಶುರುವಾದ ಬಾಹ್ಯಾಕಾಶದ ಧಾರಾವಾಹಿ ‘ಸ್ಟಾರ್ ಟ್ರೆಕ್’. ಅದರಲ್ಲಿ ಕ್ಯಾಪ್ಟನ್ ಕರ್ಕ್ ಆಗಿದ್ದವರು ಇದೇ ಶಾಟ್ನರ್. 1970ರ ದಶಕದಲ್ಲಿ ಅಭಿಮಾನಿಗಳು, ಅವರಲ್ಲಿ ಬಹುಪಾಲು ಹೆಂಗಸರು, ಕರ್ಕ್ ಮತ್ತು ಅವನ ಗೆಳೆಯ ಸ್ಪಾಕ್ ನಡುವೆ ಪ್ರೇಮ ಕಂಡು ಕಥೆ ಬರೆದು ತಮ್ಮದೇ ಪುಟ್ಟ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿ ಹಂಚಿಕೊಂಡರು. ಎರಡು ಹೆಸರಿನ ನಡುವೆ ಹಾಕುತ್ತಿದ್ದ ಓರೆಗೆರೆಯಿಂದಲೇ ಆ ಬಗೆಯ ಬರಹಕ್ಕೆ ‘ಸ್ಲ್ಯಾಶ್’ ಎಂಬ ಹೆಸರು ಬಂತು. ಮೂವತ್ತು ವರ್ಷದ ಮೇಲೆ ಅದೇ ನಟ, ದಪ್ಪಗಾಗಿ, ಮುದುಕನಾಗಿ, ಇನ್ನೊಬ್ಬ ಗಂಡಸಿನ ಕೈ ಹಿಡಿದ. ನೀವು ನೋಡುವ ಹಾಗೆ ನೋಡಿದವರು ನಿಮಗಿಂತ ಮೊದಲು ಎಷ್ಟೋ ಜನ ಇದ್ದಾರೆ.

ಆದ್ದರಿಂದ ನಾಲ್ಕು ಕಡೆ ಬಂದಿರುವ ‘ದಯವಿಟ್ಟು ತಪ್ಪು ತಿಳಿಯಬೇಡಿ’ ತೆಗೆದುಹಾಕಿ. ನಿಮಗೆ ಖುಷಿ ಕೊಟ್ಟದ್ದಕ್ಕೆ ಯಾರ ಕ್ಷಮೆಯೂ ಬೇಡ. ಆದರೆ ಡೆನ್ನಿ ಕಚೇರಿಯ ಹೆಂಗಸರ ಜೊತೆ ನಡೆದುಕೊಳ್ಳುವ ರೀತಿಯನ್ನು ‘ತುಂಟತನ’ ಎಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅದು ಕಿರುಕುಳ. ಅದನ್ನು ನಗಿಸಲು ಬಳಸಿದ್ದು ಈ ಧಾರಾವಾಹಿಯ ದೊಡ್ಡ ಹುಳುಕು. ಪ್ರೀತಿಸುವವರೇ ಅದನ್ನು ಹೇಳಬೇಕು.

ಕೊನೆಯದಾಗಿ, ಹತ್ತನೇ ಪುಟದ ಅಡಿಯಲ್ಲಿ ಒಂದು ಸಾಲಿದೆ: ಪಿಜಿಯಲ್ಲಿ ರೂಮ್‌ಮೇಟ್ ಜೊತೆ ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ನೋಡುತ್ತಿದ್ದಿರಿ, ಬಾಲ್ಕನಿ ದೃಶ್ಯ ಬಂದ ಕೂಡಲೇ ಅವಳು ನಿಮ್ಮ ಮೊಣಕೈ ತಿವಿಯುತ್ತಿದ್ದಳು. ಅವಳು ಏನನ್ನುತ್ತಿದ್ದಳು, ನೀವು ಏನನ್ನುತ್ತಿದ್ದಿರಿ, ಅದನ್ನು ಬರೆದು ಕಳಿಸಿ. ಐದು ಪುಟ ಸಾಕು. ನಾನು ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕಿ